ಕರುವಿನ ಅಳಲು, ಕಂದನ ಕಣ್ಣೀರು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಉಚ್ಚಿಲದಲ್ಲಿ ದಯಪಾಲಿಸಿದ ಆಶೀರ್ವಚನ)



ಘಟ್ಟದ ಮೇಲಿನ ನಮ್ಮ ಮಠಕ್ಕೂ ಕಡಲ ದಂಡೆಯ ಈ ಉಚ್ಚಿಲಕ್ಕೂ ದಾರಿ ದೂರವಾದರೂ ಸಂಬಂಧ ಹೊಸದಲ್ಲ. ಕೆಳದಿಯ ಅರಸರ ಕಾಲದಲ್ಲಿ ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ರಾಜ್ಯದಲ್ಲಿ ಬಾಳಿದವರು. ಇಂದು ಉದ್ಯೋಗಕ್ಕಾಗಿ, ವ್ಯಾಪಾರಕ್ಕಾಗಿ ಇಲ್ಲಿ ಬಂದು ನೆಲೆಸಿದ ನಮ್ಮ ಭಕ್ತರ ಜೊತೆಗೆ ಈ ನೆಲದವರೇ ಆದ ಮೊಗವೀರ ಬಂಧುಗಳೂ ಬಿಲ್ಲವ, ಬಂಟ ಬಂಧುಗಳೂ ಬಂದು ಕುಳಿತಿದ್ದಾರೆ. ಮಹಾಲಕ್ಷ್ಮಿಯ ಸನ್ನಿಧಾನವಿರುವ ಊರಿನಲ್ಲಿ ಶರಣರ ಮಾತನ್ನು ಕೇಳುವುದಕ್ಕೆ ಇಷ್ಟು ಜನ ಸೇರಿರುವುದು ನಮಗೆ ಸಂತೋಷವನ್ನುಂಟುಮಾಡಿದೆ.

ನಿನ್ನೆ ಪ್ರಸಾದದ ವೇಳೆಯಲ್ಲಿ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು. ಅವರ ಮಗುವಿಗೆ ಐದು ವರ್ಷ. ಪುಸ್ತಕ ಹಿಡಿದು ಗೋವಿನ ಹಾಡನ್ನು ಓದಿ ಹೇಳಿದರಂತೆ. ಪುಣ್ಯಕೋಟಿಯು ಕರುವನ್ನು ಬಿಟ್ಟು ಹುಲಿಯ ಬಳಿಗೆ ಹೊರಡುವ ಸಂದರ್ಭ ಬಂದಾಗ ಮಗು ಬಿಕ್ಕಿಬಿಕ್ಕಿ ಅತ್ತಿತು; ಆ ರಾತ್ರಿ ಊಟ ಮಾಡಲಿಲ್ಲ; ತಾಯಿಯ ಸೆರಗನ್ನು ಬಿಡಲಿಲ್ಲ. ಮನೆಯ ಹಿರಿಯರು, "ಇಂಥ ಕಥೆಗಳನ್ನು ಎಳೆಯ ಮಕ್ಕಳಿಗೆ ಯಾಕೆ ಹೇಳುತ್ತೀ? ನಗಿಸುವ ಕಥೆ ಹೇಳು" ಎಂದು ಗದರಿದರಂತೆ. "ಬುದ್ಧೀ, ನಾನು ಮಾಡಿದ್ದು ತಪ್ಪೇ? ದುಃಖದ ಕಥೆಗಳನ್ನು ಮಕ್ಕಳಿಂದ ದೂರವಿಡಬೇಕೇ?" ಎಂಬುದು ಆ ತಾಯಿಯ ಪ್ರಶ್ನೆ. ಇದು ಒಬ್ಬರ ಮನೆಯ ಪ್ರಶ್ನೆಯಲ್ಲ, ಮಕ್ಕಳಿರುವ ಎಲ್ಲ ಮನೆಗಳ ಪ್ರಶ್ನೆ. ಆದ್ದರಿಂದ ಇಂದಿನ ಪ್ರವಚನವನ್ನು ಇದಕ್ಕೇ ಮೀಸಲಾಗಿಡುತ್ತೇವೆ.

ಮೊದಲು ಆ ಕಥೆಯನ್ನೇ ವಿಚಾರಿಸೋಣ. ಕನ್ನಡ ನಾಡಿನಲ್ಲಿ ಅದನ್ನು ಕೇಳದೆ ಬೆಳೆದವರು ಅಪರೂಪ. ಕಾಳಿಂಗನೆಂಬ ಗೊಲ್ಲನ ಹಸುಗಳು, ಅವುಗಳಲ್ಲಿ ಪುಣ್ಯಕೋಟಿ, ಹಸಿದು ಕಾದಿರುವ ಅರ್ಬುತನೆಂಬ ಹುಲಿ. ಹುಲಿಯ ಕೈಗೆ ಸಿಕ್ಕ ಹಸು, ಕರುವಿಗೆ ಹಾಲೂಡಿಸಿ ಮರಳಿ ಬರುತ್ತೇನೆಂದು ಮಾತು ಕೊಡುತ್ತದೆ. ಕೊಟ್ಟ ಮಾತಿನಂತೆ ಮರಳಿ ಹೋಗುತ್ತದೆ. ಆ ಸತ್ಯವನ್ನು ಕಂಡ ಹುಲಿಯ ಮನಸ್ಸು ಕರಗಿ, ಅದು ತನ್ನ ಪ್ರಾಣವನ್ನೇ ಬಿಡುತ್ತದೆ. ಇದಿಷ್ಟು ಕಥೆ. ದೊಡ್ಡವರಾದ ನಾವು ಇದನ್ನು ಸತ್ಯದ ಕಥೆ ಎನ್ನುತ್ತೇವೆ. ಆದರೆ ಐದು ವರ್ಷದ ಮಗುವಿಗೆ ಇದು ಸತ್ಯದ ಕಥೆಯಾಗುವುದು ಆಮೇಲೆ. ಮೊದಲಿಗೆ ಅದು ತಾಯಿ ಬಿಟ್ಟುಹೋಗುವ ಕಥೆ. ಮಗು ಹಸುವಿನ ಕಡೆಗೆ ನಿಂತು ಕೇಳುವುದಿಲ್ಲ, ಕರುವಿನ ಕಡೆಗೆ ನಿಂತು ಕೇಳುತ್ತದೆ. ಅದಕ್ಕೇ ಅದು ತಾಯಿಯ ಸೆರಗನ್ನು ಹಿಡಿದುಕೊಂಡಿತು. ಇದರಲ್ಲಿ ದೋಷವೇನೂ ಇಲ್ಲ. ಕಥೆ ಮುಟ್ಟಬೇಕಾದ ಜಾಗವನ್ನೇ ಮುಟ್ಟಿದೆ.

ಈಗ ಒಂದು ಸೂಕ್ಷ್ಮವನ್ನು ತಾವು ಲಕ್ಷ್ಯವಿಟ್ಟು ಗಮನಿಸಬೇಕು. ಆ ಹಾಡನ್ನು ಕಟ್ಟಿದ ನಮ್ಮ ಹಿರಿಯರು ಮಗುವಿನ ಮನಸ್ಸನ್ನು ಬಲ್ಲವರಾಗಿದ್ದರು. ತಾಯಿಯು ಕರುವನ್ನು ಸುಮ್ಮನೆ ಬಿಟ್ಟು ಹೋಗುವುದಿಲ್ಲ. ದೊಡ್ಡಿಯ ಉಳಿದ ಹಸುಗಳನ್ನು ಕರೆದು, ಅಕ್ಕತಂಗಿಯರಂತೆ ಅವರನ್ನು ಬೇಡಿಕೊಂಡು, ಈ ತಬ್ಬಲಿಯನ್ನು ನಿಮ್ಮ ಕರುವೆಂದೇ ಭಾವಿಸಿ ಕಾಪಾಡಿರೆಂದು ಒಪ್ಪಿಸುತ್ತದೆ. ಅಳುವ ಮಗುವಿಗೆ ಬೇಕಾದ ಆಸರೆ ಕಥೆಯ ಒಳಗೇ ಇದೆ. ಓದುವವರು ಅವಸರದಲ್ಲಿ ಆ ಜಾಗವನ್ನು ದಾಟಿ ಹೋಗಿಬಿಡುತ್ತಾರೆ. ಅಲ್ಲಿ ನಿಲ್ಲಬೇಕು. "ನೋಡು ಮಗೂ, ಕರು ಒಂಟಿಯಲ್ಲ, ಅದಕ್ಕೆ ಎಷ್ಟು ಜನ ದೊಡ್ಡಮ್ಮ, ಚಿಕ್ಕಮ್ಮ ಇದ್ದಾರೆ! ನಿನಗೂ ಯಾರು ಯಾರಿದ್ದಾರೆ, ಎಣಿಸು" ಎಂದು ಕೇಳಬೇಕು. ಮಗು ಬೆರಳು ಮಡಿಚಿ ಅಜ್ಜಿ, ಅಜ್ಜ, ಮಾವ, ಅತ್ತೆ ಎಂದು ಎಣಿಸತೊಡಗಿದರೆ ಅರ್ಧ ಭಯ ಅಲ್ಲಿಗೇ ಕರಗುತ್ತದೆ.

ಇನ್ನು, ದುಃಖದ ಕಥೆ ಮಕ್ಕಳಿಗೆ ಸಲ್ಲದು ಎನ್ನುವವರ ಮಾತನ್ನು ಶಾಸ್ತ್ರದ ದೃಷ್ಟಿಯಿಂದ ನೋಡೋಣ. ನಮ್ಮ ಆಲಂಕಾರಿಕರು ರಸಗಳಲ್ಲಿ ಕರುಣಕ್ಕೆ ಹಿರಿಯ ಸ್ಥಾನವನ್ನು ಕೊಟ್ಟರು. ಉತ್ತರರಾಮಚರಿತವನ್ನು ಬರೆದ ಭವಭೂತಿಯಂತೂ ಮಿಕ್ಕ ರಸಗಳೆಲ್ಲ ಕರುಣದ ರೂಪಾಂತರಗಳೇ ಎಂಬಷ್ಟರ ಮಟ್ಟಿಗೆ ಹೋದನು. ಆದಿಕಾವ್ಯ ಹುಟ್ಟಿದ್ದಾದರೂ ಹೇಗೆ? ಬೇಡನ ಬಾಣಕ್ಕೆ ಬಿದ್ದ ಒಂದು ಕ್ರೌಂಚಪಕ್ಷಿಯನ್ನೂ, ಅದರ ಜೊತೆಯ ಹಕ್ಕಿಯ ಆಕ್ರಂದನವನ್ನೂ ಕಂಡು ವಾಲ್ಮೀಕಿಗಳಿಗೆ ಉಂಟಾದ ಶೋಕವೇ ಶ್ಲೋಕವಾಯಿತು. ಅಷ್ಟೇ ಅಲ್ಲ. ಆ ರಾಮಾಯಣವನ್ನು ವಾಲ್ಮೀಕಿಗಳು ಮೊದಲು ಕಲಿಸಿದ್ದು ಯಾರಿಗೆ? ರಾಜಸಭೆಯ ಪಂಡಿತರಿಗಲ್ಲ, ಕುಶಲವರೆಂಬ ಇಬ್ಬರು ಬಾಲಕರಿಗೆ. ಅದು ಅವರ ತಾಯಿ ತಂದೆಯರದೇ ಅಗಲಿಕೆಯ ಕಥೆ. ಅದನ್ನು ಅವರು ತಂದೆಯ ಎದುರಿಗೇ ನಿಂತು ಹಾಡಿದರು. ಜಗತ್ತಿನ ಅತಿ ದೊಡ್ಡ ದುಃಖದ ಕಥೆಯನ್ನು ಋಷಿಯು ಮಕ್ಕಳ ಬಾಯಲ್ಲಿ ಇಟ್ಟನು. ಆದರೆ ಸುಮ್ಮನೆ ಇಡಲಿಲ್ಲ. ರಾಗದಲ್ಲಿ ಇಟ್ಟನು, ತಾಳದಲ್ಲಿ ಇಟ್ಟನು, ತನ್ನ ಆಶ್ರಮದ ನೆರಳಿನಲ್ಲಿ ಕೂರಿಸಿ ಕಲಿಸಿದನು. ಈ ವಿಷಯದ ರಹಸ್ಯವೆಲ್ಲ ಇಲ್ಲಿಯೇ ಇದೆ. ಕಥೆ ಯಾವುದು ಎಂಬುದು ಎಷ್ಟು ಮುಖ್ಯವೋ ಅದನ್ನು ಯಾರ ಮಡಿಲಲ್ಲಿ ಕುಳಿತು ಕೇಳಿದೆವು ಎಂಬುದೂ ಅಷ್ಟೇ ಮುಖ್ಯ.

ಕರಾವಳಿಯವರಾದ ತಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಯಕ್ಷಗಾನದ ಬಯಲಾಟಕ್ಕೆ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋದವರು ತಾವು. ಅಭಿಮನ್ಯು ಚಕ್ರವ್ಯೂಹದಲ್ಲಿ ಸಿಕ್ಕಿ ಬೀಳುವುದನ್ನು ಮಕ್ಕಳು ಅಜ್ಜಿಯ ಮಡಿಲಲ್ಲಿ ಕುಳಿತು ನೋಡಿದ್ದಾರೆ, ಅತ್ತಿದ್ದಾರೆ, ಅಲ್ಲಿಯೇ ಚಾಪೆಯ ಮೇಲೆ ಮಲಗಿ ನಿದ್ರೆಯನ್ನೂ ಮಾಡಿದ್ದಾರೆ. ಕೋಟಿ ಚೆನ್ನಯರ ಪಾಡ್ದನದಲ್ಲಿ ತಾಯಿಯನ್ನು ಕಳೆದುಕೊಂಡ ಅವಳಿ ಮಕ್ಕಳಿದ್ದಾರೆ. ಕೊನೆಗೆ ಆ ವೀರರೂ ಮಡಿಯುತ್ತಾರೆ. ತುಳುನಾಡಿನ ಯಾವ ಅಜ್ಜಿಯೂ ಆ ಕಥೆಯನ್ನು ಮಕ್ಕಳಿಂದ ಬಚ್ಚಿಡಲಿಲ್ಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತಂದರು. ಮಕ್ಕಳನ್ನು ನಗಿಸುವ ಹಾಡುಗಳನ್ನು ಕೊಟ್ಟ ಅವರೇ ಕೋಟಿ ಚೆನ್ನಯರ ಕಥೆಯನ್ನೂ ಕನ್ನಡದಲ್ಲಿ ಬರೆದುಕೊಟ್ಟರು. ನಗೆಯೂ ಬೇಕು, ಅಳುವೂ ಬೇಕು ಎಂಬುದನ್ನು ಬಲ್ಲ ಗುರುಗಳು ಅವರು.

ಹಾಗಾದರೆ ಎಲ್ಲ ಕಥೆಗಳನ್ನೂ ಎಲ್ಲ ಮಕ್ಕಳಿಗೂ ಓದಿಬಿಡಬಹುದೇ? ಹಾಗೂ ಅಲ್ಲ. ಶಾಸ್ತ್ರದಲ್ಲಿ ಅಧಿಕಾರಿಭೇದ ಎಂಬ ಮಾತಿದೆ. ಯಾವ ಉಪದೇಶಕ್ಕೆ ಯಾರು ಪಕ್ವರಾಗಿದ್ದಾರೆಂದು ನೋಡಿ ಗುರುವಾದವನು ಬೋಧಿಸಬೇಕು. ಮಕ್ಕಳ ವಿಷಯದಲ್ಲಿ ತಾಯಿಯೇ ಗುರು. ನಮ್ಮ ಪರಂಪರೆಯಲ್ಲಿಯೇ ಸಿರಿಯಾಳ ಸೆಟ್ಟಿಯ ಕಥೆಯುಂಟು. ತಂದೆತಾಯಿಗಳು ಜಂಗಮನ ಬೇಡಿಕೆಗಾಗಿ ಮಗನನ್ನೇ ಒಪ್ಪಿಸುವ ಆ ಕಥೆಯ ಮರ್ಮ ತಿಳಿಯಬೇಕಾದರೆ ಬಲಿತ ಬುದ್ಧಿ ಬೇಕು. ನಾಲ್ಕು ವರ್ಷದ ಮಗುವಿಗೆ ಅದನ್ನು ಹೇಳಿದರೆ ಭಕ್ತಿ ಹುಟ್ಟುವುದಿಲ್ಲ. ಅಪ್ಪ ಅಮ್ಮ ನನ್ನನ್ನೂ ಕೊಟ್ಟುಬಿಟ್ಟಾರೆಂಬ ಭಯ ಹುಟ್ಟುತ್ತದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಲೋಹಿತಾಶ್ವನನ್ನು ಹಾವು ಕಚ್ಚುವ ಪ್ರಸಂಗವೂ, ಚಂದ್ರಮತಿಯ ಪ್ರಲಾಪವೂ ಸ್ವಲ್ಪ ದೊಡ್ಡವರಾದ ಮಕ್ಕಳಿಗೆ ಸರಿ. ಎಳೆಯರಿಗೆ ಕಾಯಬೇಕು. ಮಾವಿನ ಕಾಯಿ ಮರದಲ್ಲಿಯೇ ಇದ್ದರೆ ಕೆಟ್ಟುಹೋಗುವುದಿಲ್ಲ. ಕಾಲ ಬಂದಾಗ ಹಣ್ಣಾಗುತ್ತದೆ.

ಎಳೆಯ ಮಕ್ಕಳಿಗೆ ಒಪ್ಪುವ ಕಥೆ ಯಾವುದೆಂದರೆ ಹರಿಹರನು ರಗಳೆಯಾಗಿ ಹಾಡಿದ ಕೋಳೂರ ಕೊಡಗೂಸಿನ ಕಥೆ. ತಂದೆಯು ಊರಿಗೆ ಹೋಗುವಾಗ, ದಿನವೂ ಶಿವನಿಗೆ ಹಾಲನ್ನು ನಿವೇದಿಸೆಂದು ಪುಟ್ಟ ಮಗಳಿಗೆ ಹೇಳಿ ಹೋಗುತ್ತಾನೆ. ಮಗು ಹಾಲನ್ನು ಒಯ್ದು ಇಟ್ಟು, ಶಿವ ಕುಡಿಯಲಿಲ್ಲವಲ್ಲಾ ಎಂದು ಅಳುತ್ತದೆ. ತನ್ನಿಂದ ಏನು ತಪ್ಪಾಯಿತೋ, ಅಪ್ಪ ಬೈದಾನೋ ಎಂದು ಹೆದರುತ್ತದೆ. ಆ ಅಳುವನ್ನು ಕೇಳಲಾರದೆ ಶಿವನು ಬಂದು ಕುಡಿಯುತ್ತಾನೆ. ಮರಳಿ ಬಂದ ತಂದೆಗೆ ಮಗಳ ಮಾತಿನಲ್ಲಿ ನಂಬಿಕೆಯಿಲ್ಲ. ಸುಳ್ಳು ಹೇಳುತ್ತೀಯಾ ಎಂದು ಸಿಟ್ಟಿನಿಂದ ಅಟ್ಟಿಸಿಕೊಂಡು ಬರುತ್ತಾನೆ. ಮಗು ಶಿವನ ಮೊರೆಹೊಗುತ್ತದೆ. ಶಿವನು ಅದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತಾನೆ. ತಂದೆಯ ಕೈಗೆ ಮಗಳು ಸಿಗಲಿಲ್ಲ.

ಈ ಕಥೆಯನ್ನು ಓದಿದಾಗ ಮಗುವಿಗೆ ಏನು ತಿಳಿಯುತ್ತದೆ? ನನಗೆ ಆಗುವ ಭಯ ಈ ಹುಡುಗಿಗೂ ಆಗಿತ್ತು, ಅದನ್ನು ಕೇಳುವವನೊಬ್ಬನು ಇದ್ದನು ಎಂದು ತಿಳಿಯುತ್ತದೆ. ಮಗುವು ತನ್ನ ಭಯಕ್ಕೆ ಹೆಸರಿಡಲಾರದು, ಕಥೆ ಹೆಸರಿಟ್ಟುಕೊಡುತ್ತದೆ. ಆದರೆ ಓದುವ ತಂದೆಗೆ ಏನು ತಿಳಿಯಬೇಕು? ಮಗುವಿನ ಮಾತನ್ನು ನಂಬದೆ ಕೈಯೆತ್ತಿದರೆ ಮಗು ನಮ್ಮ ಕೈಗೆ ಸಿಗದಷ್ಟು ದೂರ ಹೋಗಿಬಿಡುತ್ತದೆ ಎಂಬುದು ತಿಳಿಯಬೇಕು. ಮಕ್ಕಳ ಕಥೆಯೆಂದು ನಾವು ಓದುವುದರಲ್ಲಿ ಹಿರಿಯರಿಗೆ ಹೇಳಿದ ಬುದ್ಧಿಯೇ ಹೆಚ್ಚಾಗಿರುತ್ತದೆ. ಕೊನೆಯಲ್ಲಿ ಮಗು, "ಆಮೇಲೆ ಅವಳು ಮನೆಗೆ ಬರಲೇ ಇಲ್ಲವೇ?" ಎಂದು ಕೇಳಬಹುದು. ಬರಲಿಲ್ಲ ಎಂದೇ ಹೇಳಬೇಕು. ಹೇಳಿ, "ನೀನು ಏನು ಹೇಳಿದರೂ ನಾನು ಮೊದಲು ಕೂತು ಕೇಳುತ್ತೇನೆ" ಎಂದು ಮಾತು ಕೊಡಬೇಕು. ಕೊಟ್ಟ ಮೇಲೆ ನಡೆಸಬೇಕು.

ಓದುವ ಕ್ರಮವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಮೊದಲನೆಯದು, ಮಗುವಿಗೆ ಓದುವ ಮುಂಚೆ ತಾವು ಒಮ್ಮೆ ಓದಿಕೊಳ್ಳಬೇಕು. ತಮ್ಮ ಕಂಠ ಎಲ್ಲಿ ಕಟ್ಟುತ್ತದೆಂಬುದು ತಮಗೆ ಮೊದಲೇ ತಿಳಿದಿರಬೇಕು. ಮಗುವಿನ ಎದುರಿಗೆ ಕಣ್ಣಲ್ಲಿ ನೀರು ಬಂದರೆ ನಾಚಬೇಕಾದುದಿಲ್ಲ. "ನನಗೂ ದುಃಖವಾಯಿತು ಮಗೂ" ಎಂದರೆ ಸಾಕು. ಆದರೆ ಮಗುವು ತಮ್ಮನ್ನು ಸಂತೈಸಬೇಕಾದ ಸ್ಥಿತಿ ಬರಬಾರದು.

ಎರಡನೆಯದು, ಹೊತ್ತು ನೋಡಬೇಕು. ದೀಪ ಆರಿಸಿ ಮಲಗುವ ಹೊತ್ತಿನಲ್ಲಿ ಇಂಥ ಕಥೆ ಬೇಡ. ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು, ಮಗು ಪ್ರಶ್ನೆ ಕೇಳುವುದಕ್ಕೆ ಸಮಯವಿರುವಾಗ ಓದಬೇಕು. ಮಗು ಸಾಕು ಎಂದರೆ ಪುಸ್ತಕ ಮುಚ್ಚಬೇಕು. ಇನ್ನೊಮ್ಮೆ ಎಂದರೆ ಇನ್ನೊಮ್ಮೆ ಓದಬೇಕು. ಅದೇ ಕಥೆಯನ್ನು ಹತ್ತು ಸಲ ಕೇಳುವ ಮಗು ಹಟಮಾರಿಯಲ್ಲ. ಹೆದರಿದ ಜಾಗವನ್ನು ಕೈಹಿಡಿದುಕೊಂಡು ಮತ್ತೆ ಮತ್ತೆ ದಾಟಿ ಅಭ್ಯಾಸ ಮಾಡಿಕೊಳ್ಳುತ್ತಿದೆ. ಈಗ ಮನೆಮನೆಯಲ್ಲಿ ಮೊಬೈಲು ಬಂದಿದೆ. ಅದೂ ಕಥೆ ಹೇಳುತ್ತದೆ. ಆದರೆ ಮಗು ಬಿಕ್ಕಿದಾಗ ಅದು ನಿಲ್ಲುವುದಿಲ್ಲ, ತಲೆ ನೇವರಿಸುವುದಿಲ್ಲ. ತಾಯಿಯ ಓದು ನಿಲ್ಲಬಲ್ಲದು. ಅದರ ಶಕ್ತಿ ಇರುವುದು ಅಲ್ಲಿ.

ಮೂರನೆಯದು, ಕಥೆಯನ್ನು ಬೆತ್ತವನ್ನಾಗಿ ಮಾಡಬಾರದು. "ಉಣ್ಣದಿದ್ದರೆ ಹುಲಿ ಬರುತ್ತದೆ, ಹಟ ಮಾಡಿದರೆ ಪುಣ್ಯಕೋಟಿಯಂತೆ ನಾನೂ ಹೋಗಿಬಿಡುತ್ತೇನೆ" ಎಂದು ತಮಾಷೆಗೂ ಹೇಳಬಾರದು. ಅಲ್ಲಿಯವರೆಗೆ ಕಥೆಯಲ್ಲಿದ್ದ ಹುಲಿ ಆ ಒಂದು ಮಾತಿನಿಂದ ಮನೆಯೊಳಗೆ ಬಂದುಬಿಡುತ್ತದೆ. ಹಾಗೆಯೇ ಕಥೆ ಮುಗಿದ ಕೂಡಲೇ, "ಇದರಿಂದ ಏನು ಕಲಿತೆ, ಹೇಳು" ಎಂದು ಪರೀಕ್ಷೆಗೆ ಕೂರಬಾರದು. ಅಳುವ ಮಗುವಿಗೆ "ಅಳಬೇಡ, ಅದು ಬರೀ ಕಥೆ" ಎಂದೂ ಹೇಳಬಾರದು. ಬರೀ ಕಥೆಯಾಗಿದ್ದರೆ ತಾವು ಓದಿದ್ದಾದರೂ ಏಕೆ?

ನಾಲ್ಕನೆಯದು, ಮಗುವಿಗೆ ಹತ್ತಿರವಾದ ಭಾಷೆಯಲ್ಲಿ ಆಡಬೇಕು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಮಾತು ತುಳು, ಪುಸ್ತಕ ಕನ್ನಡ. ಕನ್ನಡದಲ್ಲಿ ಓದಿರಿ, ದುಃಖದ ಜಾಗ ಬಂದಾಗ ಪುಸ್ತಕವನ್ನು ಮಡಿಲಲ್ಲಿಟ್ಟು ತುಳುವಿನಲ್ಲಿ ಮಾತನಾಡಿರಿ. ಸಂಸ್ಕೃತವೇ ದೊಡ್ಡದೆಂದು ತಿಳಿದಿದ್ದ ಕಾಲದಲ್ಲಿ ಶರಣರು ಅನುಭಾವವನ್ನು ಜನರ ಆಡುನುಡಿಗೆ ತಂದರು. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಾಗಿಯೂ ಈ ಮಾತನ್ನು ಸಂತೋಷದಿಂದ ಹೇಳುತ್ತೇವೆ: ಸಮಾಧಾನ ಎಂಬುದು ಮನೆಯ ಮಾತಿನಲ್ಲಿಯೇ ಹೃದಯಕ್ಕೆ ಇಳಿಯುತ್ತದೆ.

ಇನ್ನೊಂದು ಸಂಶಯವುಂಟು. ಕೆಲವರು ಕಥೆಯ ಕೊನೆಯನ್ನು ಬದಲಿಸಿ, ಹುಲಿ ಸಾಯಲಿಲ್ಲ, ಹಸುವಿನ ಗೆಳೆಯನಾಯಿತು ಎಂದು ಹೇಳುವುದನ್ನು ಕೇಳಿದ್ದೇವೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಯೋಚಿಸಿರಿ. ಇದು ಮಾತಿಗೆ ತಪ್ಪದ ಹಸುವಿನ ಕಥೆ. ಅದನ್ನು ಹೇಳುವವರೇ ಮಾತಿಗೆ ತಪ್ಪಿದರೆ ಹೇಗೆ? ನಾಳೆ ಶಾಲೆಯಲ್ಲಿ ಮಗು ನಿಜವಾದ ಕೊನೆಯನ್ನು ಕೇಳಿದಾಗ ಹುಲಿಗಾಗಿ ಮರುಗುವುದಕ್ಕಿಂತ ಹೆಚ್ಚಾಗಿ, ಅಮ್ಮ ನನಗೆ ಸುಳ್ಳು ಹೇಳಿದಳೆಂದು ಮರುಗುತ್ತದೆ. ಮಗು ತೀರ ಎಳೆಯದಾದರೆ, ಹಸು ಕರುವಿನ ಬಳಿಗೆ ಮರಳಿತೆಂಬಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ನೀನು ದೊಡ್ಡವನಾದ ಮೇಲೆ ಹೇಳುತ್ತೇನೆ ಎನ್ನಿರಿ. ತಡೆದು ಹೇಳುವುದು ವಿವೇಕ. ತಿರುಚಿ ಹೇಳುವುದು ಅಸತ್ಯ.

ಮಗುವು ಹುಲಿಗಾಗಿಯೂ ಅತ್ತರೆ ತಾಯಂದಿರು ಸಂತೋಷಪಡಬೇಕು. ಕರುವಿಗಾಗಿ ಅಳುವುದು ಸಹಜ. ಹೆದರಿಸಿದ ಹುಲಿಗಾಗಿಯೂ ಅಳುವುದು ದೊಡ್ಡದು. ಧರ್ಮಕ್ಕೆ ಬೇರು ಯಾವುದೆಂದು ಕೇಳಿದರೆ ಬಸವಣ್ಣನವರು ಕರುಣೆಯನ್ನೇ ತೋರಿಸಿದರು. ಆ ಬೇರಿಗೆ ಬೀಳುವ ಮೊದಲ ನೀರು ಇಂಥ ಕಣ್ಣೀರು.

ಈಗ ಈ ಊರಿಗೆ ಸೇರಿದ ಒಂದು ಮಾತು. ಇಲ್ಲಿ ಮಗುವಿನ ಭಯ ಕಾಡಿನ ಹುಲಿಯದಲ್ಲ, ಕಡಲಿನದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ, ಅಪ್ಪಂದಿರು ಮನೆಯಲ್ಲಿರುತ್ತಾರೆ. ಸಮುದ್ರಪೂಜೆ ಮಾಡಿ ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಮನೆಯ ಮಗು ಬಾಗಿಲಲ್ಲಿ ನಿಂತು ನೋಡುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆ ಬಂದರಿನಿಂದ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿ 7 ಮಂದಿ ಮೀನುಗಾರರೊಡನೆ ಕಾಣೆಯಾದದ್ದನ್ನು ತಾವು ಮರೆತಿಲ್ಲ. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳುಗಳ ಕಾಲ ಈ ಕರಾವಳಿಯಲ್ಲಿ ದೊಡ್ಡವರು ಆಡಿಕೊಂಡ ಮಾತುಗಳನ್ನು ಮಕ್ಕಳು ಕೇಳಲಿಲ್ಲವೆಂದು ತಿಳಿಯಬೇಡಿರಿ. ನಾವು ಹೇಳದಿದ್ದರೂ ಮಕ್ಕಳಿಗೆ ದುಃಖ ಗೊತ್ತಿರುತ್ತದೆ. ನಾವು ಹೇಳದಿದ್ದರೆ, ಇದನ್ನು ಮಾತನಾಡಬಾರದು ಎಂಬುದೊಂದನ್ನು ಮಾತ್ರ ಅವು ಹೊಸದಾಗಿ ಕಲಿಯುತ್ತವೆ.

"ಅಪ್ಪ ಬರದಿದ್ದರೆ?" ಎಂದು ಮಗು ಕೇಳಿದಾಗ ಏನು ಹೇಳಬೇಕು? ಖಂಡಿತ ಬರುತ್ತಾರೆಂದು ಆಣೆ ಮಾಡಿ ಹೇಳುವ ಅಧಿಕಾರ ಮನುಷ್ಯರಿಗಿಲ್ಲ. "ಅಪ್ಪ ಜಾಗ್ರತೆಯಿಂದ ಹೋಗುತ್ತಾರೆ; ಜೊತೆಗೆ ಬಲ್ಲವರಿದ್ದಾರೆ; ಏನೇ ಆದರೂ ನೀನು ಒಂಟಿಯಾಗುವುದಿಲ್ಲ, ನಾವಿದ್ದೇವೆ" ಎನ್ನಬೇಕು. ಇದೇ ಪುಣ್ಯಕೋಟಿಯು ತನ್ನ ಕರುವಿಗೆ ಕೊಟ್ಟ ಸಮಾಧಾನ. ಇನ್ನು, ಮನೆಯಲ್ಲಿ ನಿಜವಾಗಿಯೇ ಸಾವಾಗಿ ಗಾಯ ಹಸಿಯಾಗಿದ್ದರೆ ಇಂಥ ಕಥೆಯನ್ನು ನಾವಾಗಿ ಮುಂದೆ ಹಿಡಿಯಬಾರದು. ಪುಸ್ತಕ ಕೈಗೆ ಸಿಗುವಂತೆ ಇರಲಿ. ಮಗು ತಾನಾಗಿ ತಂದು ಮಡಿಲಲ್ಲಿ ಇಟ್ಟ ದಿನ ಓದಿರಿ. ಅಂಥ ಮಗುವಿನ ನೆರೆಹೊರೆಯವರಿಗೂ ಒಂದು ಮಾತು: ಕಥೆಯಲ್ಲಿ ಆ ಹಸುಗಳು ತಬ್ಬಲಿಯನ್ನು ತಮ್ಮ ಕರುವಿನಂತೆ ಒಪ್ಪಿಕೊಂಡವು. ತಾವು ಆ ಹಸುಗಳಿಗಿಂತ ಕಡಿಮೆಯಾಗಬಾರದು. ಕಥೆಯನ್ನು ಊರಿನವರು ನಡೆಸಿ ತೋರಿಸಿದರೆ ಮಾತ್ರ ಮಗು ಅದನ್ನು ನಂಬುತ್ತದೆ.

ಓದುವ ಕೆಲಸ ತಾಯಂದಿರದೊಂದೇ ಎಂದು ಗಂಡಸರು ತಿಳಿಯಬಾರದು. ಕೆಲಸ ಮುಗಿಸಿ ಬಂದ ತಂದೆಯೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಲ್ಕು ಪುಟ ಓದಬೇಕು. ಗಡಸು ದನಿಯ ಅಪ್ಪನೂ ಕರುವಿನ ಮಾತು ಬಂದಾಗ ಮೆತ್ತಗಾಗುತ್ತಾನೆಂಬುದನ್ನು ಮಗು ಕಂಡರೆ, ಮುಂದೆ ತನ್ನ ದುಃಖವನ್ನು ಅಪ್ಪನ ಬಳಿಗೆ ತರುವುದಕ್ಕೆ ಅಂಜುವುದಿಲ್ಲ.

ಪ್ರಶ್ನೆ ಕೇಳಿದ ತಾಯಿಗೆ ನಮ್ಮ ಉತ್ತರ ಇಷ್ಟು: ತಾವು ಮಾಡಿದ್ದು ತಪ್ಪಲ್ಲ. ಹಿರಿಯರು ಗದರಿದ್ದೂ ಮಗುವಿನ ಮೇಲಿನ ಮಮತೆಯಿಂದಲೇ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಓದಿರಿ. ಈ ಸಲ ಹಗಲಿನಲ್ಲಿ ಓದಿರಿ, ಹಸುಗಳು ಕರುವನ್ನು ಒಪ್ಪಿಕೊಳ್ಳುವಲ್ಲಿ ನಿಲ್ಲಿರಿ, ಮಗುವಿನ ಬೆರಳಿನಲ್ಲಿ ಎಣಿಸಿರಿ.

ನಿಮ್ಮ ಮನೆಗಳಲ್ಲಿ ದೀಪ ಹಚ್ಚಿದ ಹೊತ್ತಿಗೆ ಓದಿನ ದನಿ ಕೇಳಿಬರಲಿ. ಕಡಲಿಗೆ ಹೋದವರು ಕ್ಷೇಮವಾಗಿ ದಡ ಸೇರಲಿ. ಮಕ್ಕಳ ಕಣ್ಣೀರನ್ನು ಒರೆಸುವ ಕೈಗಳು ಮನೆಮನೆಯಲ್ಲಿ ಇರಲಿ ಎಂದು ಗುರು ಬಸವಣ್ಣನವರನ್ನು ಪ್ರಾರ್ಥಿಸಿ, ಎಲ್ಲರಿಗೂ ಶುಭವನ್ನು ಹಾರೈಸುತ್ತೇವೆ.